ಕಡಲಮ್ಮನ ಮನೆಯ ಡಬರಿ

ಒಂದಾನೊಂದು ಊರಿನಲ್ಲಿ ಊರೇ ಇರಲಿಲ್ಲ. ಮನೆ ಇರಲಿಲ್ಲ, ಬೀದಿ ಇರಲಿಲ್ಲ, ಬೀದಿಯಲ್ಲಿ ಮಲಗಲು ನಾಯಿಯೂ ಇರಲಿಲ್ಲ. ಸುತ್ತ ನೀರು, ನಡುವೆ ಒಂದು ದ್ವೀಪ. ದ್ವೀಪದಲ್ಲಿ ಹನ್ನೆರಡು ತೆಂಗಿನ ಮರ, ಒಂದು ಗುಡ್ಡ, ಗುಡ್ಡಕ್ಕೊಂದು ನೆರಳು, ಒಂದು ಸಿಹಿನೀರಿನ ಒರತೆ, ಮತ್ತು ಮುನ್ನೂರು ಮಾರು ಉದ್ದದ ಮರಳು. ಇಷ್ಟೇ. ಎಣಿಸಿದವಳು ಗುಲಾಬಿ. ಅವಳು ಎಣಿಸಿದ ಮೇಲೆ ತಪ್ಪಿರುವುದಿಲ್ಲ. ಹೂಂಗುಟ್ಟುವವರು ಹೂಂಗುಟ್ಟಿ, ತೂಕಡಿಸುವವರು ಗೋಡೆಗೆ ಒರಗಿ.

ಗುಲಾಬಿ ಆ ದ್ವೀಪಕ್ಕೆ ಬೇಕೆಂದು ಬಂದವಳಲ್ಲ. ನಾದಿನಿಯ ಮಗುವಿಗೆ ಹೆಸರಿಡುವ ದಿನ ಅಂತ ಮನೆಯ ನಾಲ್ಕು ಜನ ದೋಣಿ ಹತ್ತಿದ್ದರು. ಹುಟ್ಟು ಹಾಕುತ್ತಿದ್ದವನು ಗಂಡ ಕುಪ್ಪಯ್ಯ. ನಡುವೆ ಕೂತವಳು ಎಂಟು ವರ್ಷದ ಮಗಳು ಜಲಜಾ. ದೋಣಿಯ ಆ ಬದಿಗೆ ಅತ್ತೆ ಮುತ್ತಕ್ಕ. ಈ ಬದಿಗೆ ಸೊಸೆ ಗುಲಾಬಿ. ಅತ್ತೆ ಸೊಸೆಗೆ ಜಗಳ. ಏನು ಜಗಳ? ಗಂಜಿಗೆ ಉಪ್ಪನ್ನು ಕುದಿಯುವಾಗ ಹಾಕಬೇಕೋ ಇಳಿಸಿದ ಮೇಲೆ ಹಾಕಬೇಕೋ ಅಂತ.

ಅತ್ತೆ ಒಂದು ಮಾತು ಆಡಿದರೆ ಆ ಬದಿ ಭಾರವಾಗಿ ದೋಣಿ ಆ ಕಡೆ ವಾಲುತ್ತಿತ್ತು. ಸೊಸೆ ಒಂದು ಮಾತು ಆಡಿದರೆ ಈ ಬದಿ ಭಾರವಾಗಿ ದೋಣಿ ಸರಿಯಾಗುತ್ತಿತ್ತು. ಮಾತಿಗೆ ಮಾತು, ತೂಕಕ್ಕೆ ತೂಕ. ದೋಣಿ ನೆಟ್ಟಗೆ ಹೋಗುತ್ತಿತ್ತು. ಗುಲಾಬಿ ಮದುವೆಯಾಗಿ ಬಂದು ಹನ್ನೊಂದು ವರ್ಷ, ಅವರ ಮನೆಯೂ ಹೀಗೇ ನೆಟ್ಟಗೆ ನಿಂತಿತ್ತು.

ನಡುಗಡಲಿಗೆ ಬಂದಾಗ ಗುಲಾಬಿಗೆ ಯಾಕೋ ಕನಿಕರ ಬಂತು. ವಯಸ್ಸಾದವರು, ಇವತ್ತೊಂದು ದಿನ ಸುಮ್ಮನಿದ್ದುಬಿಡೋಣ ಅಂದುಕೊಂಡಳು. ಸುಮ್ಮನಾದಳು. ಅಷ್ಟೇ. ಮುತ್ತಕ್ಕನ ಮಾತೆಲ್ಲ ಒಂದೇ ಬದಿಗೆ ರಾಶಿ ಬಿತ್ತು. ದೋಣಿ ಮಗುಚಿತು.

ಎಲ್ಲರೂ ಕೈಗೆ ಸಿಕ್ಕಿದ್ದನ್ನು ಹಿಡಿದು ತೇಲಿದರು. ಕುಪ್ಪಯ್ಯ ಹುಟ್ಟನ್ನು ಹಿಡಿದ. ಗುಲಾಬಿ ಗಂಜಿಯ ಗಡಿಗೆ ಹಿಡಿದಳು. ಜಲಜಾ ಒರಳುಕಲ್ಲು ಹಿಡಿದಳು. ಕಲ್ಲು ನೀರಿನಲ್ಲಿ ಮುಳುಗುತ್ತದೆ ಎಂಬ ಪಾಠ ಅವಳಿಗೆ ಶಾಲೆಯಲ್ಲಿ ಇನ್ನೂ ಆಗಿರಲಿಲ್ಲ, ಹಾಗಾಗಿ ಕಲ್ಲು ತೇಲಿತು. ಮುತ್ತಕ್ಕನ ಒಂದು ಕೈ ಸೊಂಟದ ಮೇಲಿತ್ತು. ಇನ್ನೊಂದು ಕೈಯ ತೋರುಬೆರಳು ಸೊಸೆಯ ಕಡೆಗಿತ್ತು. ಏನನ್ನಾದರೂ ಹಿಡಿಯೋಣವೆಂದರೆ ಕೈ ಬಿಡುವಿರಲಿಲ್ಲ. ಹಾಗೇ ಇಳಿದರು. ಕೊನೆಗೆ ನೀರಿನ ಮೇಲೆ ಬೆರಳು ಮಾತ್ರ ಕಂಡಿತು. ಆಮೇಲೆ ಬೆರಳೂ ಕಾಣಲಿಲ್ಲ.

ದ್ವೀಪದಲ್ಲಿ ಮೊದಲ ದಿನ ಗುಲಾಬಿ ಊಟಕ್ಕೆ ನಾಲ್ಕು ತೆಂಗಿನ ಚಿಪ್ಪು ಇಟ್ಟಳು.

"ನಾವು ಮೂರೇ ಜನ ಅಲ್ಲವಾ," ಅಂದ ಕುಪ್ಪಯ್ಯ.

"ಗೊತ್ತು. ನಾನು ಎಣಿಸಿದ್ದೇನೆ," ಅಂದಳು ಗುಲಾಬಿ. ನಾಲ್ಕನೇ ಚಿಪ್ಪಿಗೂ ಗಂಜಿ ಬಡಿಸಿದಳು. ಉಪ್ಪನ್ನು ಇಳಿಸಿದ ಮೇಲೆಯೇ ಹಾಕಿದ್ದಳು, ಅತ್ತೆ ಹೇಳುತ್ತಿದ್ದ ಹಾಗೆ. ಹೇಳಲು ಅತ್ತೆ ಇರಲಿಲ್ಲ. ಗಂಜಿ ಚಿಪ್ಪಿನಲ್ಲಿ ಹಾಗೇ ಉಳಿಯಿತು.

"ನಾನು ಸುಮ್ಮನಾಗಬಾರದಿತ್ತು," ಅಂದಳು.

"ಅಮ್ಮ ನೀರಿಗೆ ಹೆದರುವ ಹೆಂಗಸಲ್ಲ ಮಾರಾಯ್ತಿ," ಅಂದ ಕುಪ್ಪಯ್ಯ. "ನೀರಿನ ಗತಿ ಏನಾಗಿದೆಯೋ ಅಂತ ನನಗೆ ಯೋಚನೆ." ಹಾಗೆ ಹೇಳಿ ಆ ಕಡೆ ತಿರುಗಿ, ತುಂಬ ಹೊತ್ತು ಹುಟ್ಟನ್ನು ಒರೆಸುತ್ತಾ ಕೂತ.

ಮೂರನೇ ದಿನ ಬೆಳಿಗ್ಗೆ ಅಲೆಯ ಮೇಲೆ ಒಂದು ಹಿತ್ತಾಳೆ ಡಬರಿ ತೇಲಿಕೊಂಡು ಬಂತು. ಬಾಯಿಗೆ ಮುಚ್ಚಳ, ಮುಚ್ಚಳ ಹಾರದ ಹಾಗೆ ಮೇಲೊಂದು ಶಂಖ. ಡಬರಿ ದಡಕ್ಕೆ ಹತ್ತಿತು, ಮೈಗೆ ಅಂಟಿದ ಮರಳು ಕೊಡವಿಕೊಂಡಿತು, ಕೇಳಿತು:

"ಮನೇಲಿ ಯಾರಿದ್ದೀರಿ?"

"ಮನೆಯೇ ಇಲ್ಲ," ಅಂದಳು ಜಲಜಾ.

"ಇಲ್ಲದ ಮನೇಲಿ ಯಾರಿದ್ದೀರಿ?"

"ನಾನು, ಅಪ್ಪ, ಅಮ್ಮ."

"ನಾನು ಕಡಲಮ್ಮನ ಮನೆಯಿಂದ ಬಂದಿದ್ದೇನೆ. ಪಕ್ಕಕ್ಕೆ ಹೊಸಬರು ಬಂದಿದ್ದಾರೆ, ಇನ್ನೂ ಒಲೆ ಹೂಡಿರಲಿಕ್ಕಿಲ್ಲ, ಸ್ವಲ್ಪ ಏನಾದರೂ ಕೊಟ್ಟು ಬಾ ಅಂದರು. ಪಾತ್ರೆಗೆ ಅವಸರವಿಲ್ಲ, ನಿಧಾನವಾಗಿ ಬರಿದು ಮಾಡಿಕೊಳ್ಳಿ."

ಗುಲಾಬಿ ಮುಚ್ಚಳ ತೆಗೆದಳು. ಒಳಗೆ ಕಡಲ ಪಾಚಿಯ ತಂಬುಳಿ. ಮೇಲೆ ಒಗ್ಗರಣೆ. ಬೆರಳು ಅದ್ದಿ ನಾಲಿಗೆಗೆ ಇಟ್ಟಳು. ಇಟ್ಟ ಬೆರಳು ಅಲ್ಲೇ ನಿಂತಿತು.

ಸಾಸಿವೆ ಒಂದು ಚೂರು ಸೀದಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುತ್ತಕ್ಕನ ಕೈಯ ಅಡುಗೆ ಹತ್ತೂರಿನಲ್ಲಿ ಇಲ್ಲದಷ್ಟು ಚೆನ್ನ. ಒಂದೇ ದೋಷ. ಒಗ್ಗರಣೆಗೆ ಸಾಸಿವೆ ಹಾಕಿ, ಅದು ಸಿಡಿಯುವ ಹೊತ್ತಿಗೆ ಸರಿಯಾಗಿ ಅವರಿಗೆ ಬಾಗಿಲಿಗೆ ಹೋಗಿ ನೋಡಬೇಕು. ಮಗ ಬಂದನೋ, ಸೊಸೆ ನೀರಿಗೆ ಹೋದವಳು ಯಾರ ಹತ್ತಿರ ಮಾತಾಡುತ್ತಾ ನಿಂತಳೋ, ಮೊಮ್ಮಗಳು ಎಲ್ಲಿ ಬಿದ್ದಳೋ. ನೋಡಿ ವಾಪಸು ಬರುವಷ್ಟರಲ್ಲಿ ಸಾಸಿವೆ ಒಂದು ಚೂರು ಕಪ್ಪು. ಹನ್ನೊಂದು ವರ್ಷ ಗುಲಾಬಿ ಆ ಕಪ್ಪು ಸಾಸಿವೆಯನ್ನು ತಟ್ಟೆಯ ಅಂಚಿಗೆ ಸರಿಸಿ ಊಟ ಮಾಡಿದ್ದಳು. ಈಗ ಒಂದೊಂದನ್ನೇ ಹೆಕ್ಕಿ ತಿಂದಳು.

"ಇದನ್ನು ಮಾಡಿದವರು ಯಾರು?" ಅಂತ ಕೇಳಿದಳು.

"ನೆಂಟರೊಬ್ಬರು ಬಂದಿದ್ದಾರೆ," ಅಂದಿತು ಡಬರಿ. "ಬಂದ ದಿನವೇ ಅಡುಗೆಮನೆಗೆ ನುಗ್ಗಿ, ಇದೇನಮ್ಮ ನಿನ್ನ ಮನೇಲಿ ಎಲ್ಲದಕ್ಕೂ ಇಷ್ಟು ಉಪ್ಪು ಅಂತ ಕಡಲಮ್ಮನನ್ನೇ ಕೇಳಿದರು. ಕಡಲಮ್ಮನಿಗೆ ಆ ಮಾತನ್ನು ಇಷ್ಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಬಹಳ ಖುಷಿಯಾಗಿದೆ. ಕೆಳಗೆ ಕೂರಲು ಬಿಡುವುದಿಲ್ಲ, ಹವಳದ ಮಣೆಯ ಮೇಲೇ ಕೂರಿಸುತ್ತಾರೆ."

ಗುಲಾಬಿಯ ಕಣ್ಣಲ್ಲಿ ನೀರು ಬಂತು. "ಖಾರ," ಅಂದಳು.

ತಂಬುಳಿಗೆ ಖಾರ ಹಾಕಿರಲಿಲ್ಲ.

"ಅವರು ನಮ್ಮ ಅತ್ತೆ," ಅಂದಳು ಆಮೇಲೆ. "ಅವರನ್ನು ಮನೆಗೆ ಕಳಿಸಿಕೊಡಬೇಕಂತೆ ಅಂತ ನಿಮ್ಮ ಕಡಲಮ್ಮನಿಗೆ ಹೇಳು."

"ಹೇಳುತ್ತೇನೆ. ಆದರೆ..." ಡಬರಿ ತನ್ನ ಬಾಯನ್ನು ಒಮ್ಮೆ ನೋಡಿಕೊಂಡಿತು. ನೋಡಿಕೊಂಡು ಸುಮ್ಮನೆ ನಿಂತಿತು.

ಯಾಕೆ ನಿಂತಿತೆಂದು ನಿಮಗೂ ಗೊತ್ತು, ನಿಮ್ಮ ಪಕ್ಕದ ಮನೆಯವರಿಗೂ ಗೊತ್ತು. ಒಂದು ಮನೆಯಿಂದ ತುಂಬಿ ಬಂದ ಪಾತ್ರೆ ಆ ಮನೆಗೆ ಖಾಲಿ ಹೋಗುವುದುಂಟೇ? ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆ, ಅದೂ ಇಲ್ಲದಿದ್ದರೆ ನಾಲ್ಕು ಹೂವು. ಗುಲಾಬಿ ಎರಡು ತೆಂಗಿನಕಾಯಿ ಹಾಕಿ ಕಳಿಸಿದಳು.

ಮಧ್ಯಾಹ್ನಕ್ಕೆ ಡಬರಿ ವಾಪಸು ಬಂತು. ಒಳಗೆ ಚಕ್ಕುಲಿ. ಕಡಲಿನ ಸುಳಿಗಳನ್ನು ಹಿಡಿದು ಹಾಗೇ ಕರಿದದ್ದು.

"ಏನಂದರು?" ಅಂತ ಕೇಳಿದಳು ಗುಲಾಬಿ.

"ಕಡಲಮ್ಮ ಹೇಳಿದರು, 'ಬಂದು ಮೂರು ದಿನ ಆಗಿಲ್ಲ, ಆಗಲೇ ಕಳಿಸು ಅಂದರೆ ಹೇಗೆ? ಇನ್ನೆರಡು ದಿನ ಇದ್ದು ಹೋಗಲಿ' ಅಂತ."

"ಅತ್ತೆ ಏನಂದರು?"

"ಎರಡು ಸಲ ಹೊರಡಲು ಎದ್ದರು. ಎರಡು ಸಲವೂ ಕಡಲಮ್ಮ ಸೆರಗು ಹಿಡಿದು ಕೂರಿಸಿದರು. ಉಂಡು ಹೋಗಿ ಅಂದರು. ಉಂಡ ಮೇಲೆ, ಉಂಡ ಕೂಡಲೇ ಹೋಗಬಾರದು ಅಂದರು. ಅಷ್ಟು ಹೇಳುವಾಗ ಹೇಗೆ ಬಿಟ್ಟು ಬರುವುದು?"

"ನನಗೆ ಏನಾದರೂ ಹೇಳಿದರಾ?"

"ನಿಮಗೆ ಏನೂ ಹೇಳಲಿಲ್ಲ. ತೆಂಗಿನಕಾಯಿ ನೋಡಿ, 'ಎಳೆಯದು. ಇದನ್ನು ಕೀಳಿಸಿದ ಜಾಣೆ ಯಾರೋ' ಅಂತ ಗೋಡೆಗೆ ಹೇಳಿದರು. ಅಲ್ಲಿ ಗೋಡೆ ಇಲ್ಲ. ಆದರೂ ಗೋಡೆಗೇ ಹೇಳಿದರು."

ಗುಲಾಬಿಗೆ ಎಷ್ಟು ಸಮಾಧಾನವಾಯಿತೆಂದರೆ ಒಂದೇ ಸಲಕ್ಕೆ ಮೂರು ಚಕ್ಕುಲಿ ತಿಂದಳು. ಅವು ಸುಳಿಯ ಚಕ್ಕುಲಿಗಳಲ್ಲವೇ, ಹೊಟ್ಟೆಗೆ ಹೋದ ಮೇಲೂ ತಿರುಗುವುದನ್ನು ಬಿಡಲಿಲ್ಲ. ಆ ದಿನ ಸಂಜೆಯವರೆಗೆ ಮೂವರೂ ನಿಂತಲ್ಲೇ ಎಡದಿಂದ ಬಲಕ್ಕೆ ತಿರುಗುತ್ತಿದ್ದರು.

ತಿರುಗುತ್ತಲೇ ಕುಪ್ಪಯ್ಯ ಹೇಳಿದ, "ಚಕ್ಕುಲಿ ಕೊಟ್ಟವರಿಗೆ ಪುನಃ ಎರಡು ಕಾಯಿ ಕೊಟ್ಟರೆ ಆಡಿಕೊಳ್ಳುತ್ತಾರೆ. ಮರವನ್ನೇ ಕೊಡೋಣ."

"ಡಬರಿಯಲ್ಲಿ ಮರ ಹಿಡಿಸುತ್ತದಾ ಅಪ್ಪ?"

"ಕೊಡುವವರು ಕೊಟ್ಟರೆ ಹಿಡಿಸುತ್ತದೆ," ಅಂದಿತು ಡಬರಿ. "ನನ್ನ ಬಾಯಿ ಅಳೆಯಬೇಡ ಮಗು. ಹಿಂದೆ ಒಂದು ಮನೆಯವರು ಮಗಳ ಮದುವೆಯ ಚಪ್ಪರವನ್ನೇ ಹಾಕಿ ಕಳಿಸಿದ್ದರು. ವಾಲಗದವರು ಇನ್ನೂ ಅದರೊಳಗೇ ಕೂತಿದ್ದರು."

ಮರ ಹಿಡಿಸಿತು. ಮರ ಹೋಯಿತು, ಹಪ್ಪಳ ಬಂತು. ಉಬ್ಬರದ ನೀರನ್ನು ಲಟ್ಟಿಸಿ ಮಾಡಿದ ಹಪ್ಪಳ. ದಿನಕ್ಕೆ ಎರಡು ಸಲ ತಾನೇ ಉಬ್ಬುತ್ತಿತ್ತು, ಎರಡು ಸಲ ಇಳಿಯುತ್ತಿತ್ತು. ಇಳಿದಾಗ ತಿನ್ನಬೇಕು. ಸಂದೇಶ ಏನು? ಇನ್ನೆರಡು ದಿನ ಇದ್ದು ಹೋಗಲಿ.

ಹಪ್ಪಳಕ್ಕೆ ಮೂರು ಮರ ಹೋಯಿತು. ಮುತ್ತಿನ ಉಪ್ಪಿಟ್ಟು ಬಂತು. ಮುತ್ತು ಇನ್ನೂ ಸ್ವಲ್ಪ ಬೇಯಬೇಕಾಗಿತ್ತು. ಇನ್ನೆರಡು ದಿನ ಇದ್ದು ಹೋಗಲಿ.

ಉಪ್ಪಿಟ್ಟಿಗೆ ಉಳಿದ ಎಂಟು ಮರ ಹೋಯಿತು. ನೊರೆಯ ಫೇಣಿ ಬಂತು. ಇನ್ನೆರಡು ದಿನ ಇದ್ದು ಹೋಗಲಿ.

ಫೇಣಿಗೆ ಸಿಹಿನೀರಿನ ಒರತೆ ಹೋಯಿತು. ಒರತೆ ಹೋದರೆ ಕುಡಿಯುವುದೇನು ಅಂತ ನೀವು ಕೇಳಬಹುದು. ಗುಲಾಬಿಯೂ ಕೇಳಿದಳು. ಅದಕ್ಕೆ ಕಡಲಮ್ಮ ಮಜ್ಜಿಗೆ ಕಳಿಸಿದಳು. ಬಹಳ ಹಿಂದೆ ಯಾರೋ ಕಡಲನ್ನು ಕಡೆದಿದ್ದರಂತೆ, ಆಗಿನ ಮಜ್ಜಿಗೆ ಇನ್ನೂ ಉಳಿದಿತ್ತು. ಸ್ವಲ್ಪ ಹುಳಿ ಬಂದಿತ್ತು, ಆದರೆ ಮೇಲೆ ಒಗ್ಗರಣೆ ಇತ್ತು, ಒಗ್ಗರಣೆಯಲ್ಲಿ ಒಂದು ಚೂರು ಸೀದ ಸಾಸಿವೆ ಇತ್ತು. ಗುಲಾಬಿ ಮೊದಲು ಸಾಸಿವೆ ನೋಡುತ್ತಿದ್ದಳು, ಆಮೇಲೆ ಊಟ.

"ಅಮ್ಮ, ಇನ್ನೆರಡು ದಿನ ಅಂತ ಹೇಳಲು ಶುರು ಮಾಡಿ ಹದಿನೆಂಟು ದಿನ ಆಯಿತು," ಅಂದಳು ಜಲಜಾ. ಎಣಿಸುವುದರಲ್ಲಿ ತಾಯಿಯ ಮಗಳು.

"ನೆಂಟರ ಮನೆಯಲ್ಲಿ ಹಾಗೆಲ್ಲ ಲೆಕ್ಕ ಹಿಡಿಯಬಾರದು," ಅಂದ ಕುಪ್ಪಯ್ಯ. ಆದರೆ ಅವನ ಮುಖ ಸಪ್ಪಗಾಗಿತ್ತು.

ಇಷ್ಟರಲ್ಲಿ ಒಂದು ದಿನ ಒಂದು ಹಡಗು ಬಂತು. ನಿಜವಾದ ಹಡಗು, ಮೂರು ಪಟದ್ದು. ಹಡಗಿನ ಯಜಮಾನ ಎರಡು ಕೈಯನ್ನೂ ಬಾಯಿಗೆ ಹಿಡಿದು ಕೂಗಿದ, "ದ್ವೀಪದಲ್ಲಿ ಸಿಕ್ಕಿಬಿದ್ದಿದ್ದೀರಾ? ಹತ್ತಿಕೊಳ್ಳಿ, ನಿಮ್ಮೂರಿಗೆ ಬಿಡುತ್ತೇನೆ."

ಕುಪ್ಪಯ್ಯ ಹುಟ್ಟನ್ನು ಹೆಗಲಿಗೆ ಏರಿಸಿಕೊಂಡ. ಗುಲಾಬಿಯ ಮುಖ ನೋಡಿದ. ಹುಟ್ಟನ್ನು ಕೆಳಗಿಟ್ಟ.

"ನಮ್ಮ ಅತ್ತೆ ಪಕ್ಕದ ಮನೆಗೆ ಹೋಗಿದ್ದಾರೆ," ಅಂತ ಗುಲಾಬಿ ಹಡಗಿನವನಿಗೆ ಕೂಗಿ ಹೇಳಿದಳು. "ಅವರು ಬಾರದೆ ನಾವು ಮನೆ ಬಿಟ್ಟು ಬರುವ ಹಾಗಿಲ್ಲ."

ಯಜಮಾನ ಸುತ್ತ ನೋಡಿದ. ಎಲ್ಲ ಕಡೆಯೂ ನೀರು. ಪಕ್ಕದ ಮನೆ ಕಾಣಲಿಲ್ಲ, ಇವರ ಮನೆಯೂ ಕಾಣಲಿಲ್ಲ. ಬಿಸಿಲಿಗೆ ಹೀಗಾಗುತ್ತದೆ ಅಂತ ಹಡಗಿನವರಿಗೆ ಹೇಳಿ, ಪಟ ಬಿಚ್ಚಿಸಿ ಹೋದ.

ಹಡಗು ಹೋದ ಮೇಲೆ ಗುಲಾಬಿ ಮರಳನ್ನು ಮಡಿಚಿದಳು. ಮರಳು ಮಡಿಚುವುದು ಹೇಗೆ? ಒದ್ದೆ ಸೀರೆ ಮಡಿಚುವ ಹಾಗೆಯೇ. ಆ ತುದಿಯನ್ನು ಒಬ್ಬರು ಹಿಡಿಯಬೇಕು, ಈ ತುದಿಯನ್ನು ಒಬ್ಬರು ಹಿಡಿಯಬೇಕು, ಒಮ್ಮೆ ಜೋರಾಗಿ ಕೊಡವಿ ನಡೆದು ಬಂದು ಅಂಚಿಗೆ ಅಂಚು ಸೇರಿಸಬೇಕು. ಮುನ್ನೂರು ಮಾರು ಮರಳು ಹದಿನಾರು ಮಡಿಕೆಯಾಗಿ ಡಬರಿಗೆ ಇಳಿಯಿತು. ಮಾರನೆಯ ದಿನ ಗುಡ್ಡದ ನೆರಳು ಹೋಯಿತು. ನೆರಳಿಲ್ಲದೆ ನಾಲ್ಕು ಜನರ ಮುಂದೆ ನಿಲ್ಲಲು ಗುಡ್ಡಕ್ಕೆ ನಾಚಿಕೆಯಾಯಿತು. ಅದೂ ತಾನಾಗಿಯೇ ಬಂದು ಡಬರಿಯಲ್ಲಿ ಕೂತಿತು.

ಈಗ ದ್ವೀಪದಲ್ಲಿ ಉಳಿದದ್ದು ಒಂದು ಚಾಪೆಯಷ್ಟು ನೆಲ. ಅದರ ಮೇಲೆ ಕುಪ್ಪಯ್ಯ, ಗುಲಾಬಿ, ಕುಪ್ಪಯ್ಯನ ಹೆಗಲ ಮೇಲೆ ಜಲಜಾ. ಒಬ್ಬರು ಮಲಗಿದರೆ ಇಬ್ಬರು ನಿಲ್ಲಬೇಕು.

ಡಬರಿ ವಾಪಸು ಬಂತು. ಒಳಗೆ ಹವಳದ ಸಾರು. ಕೆಂಪಗೆ, ಘಮಘಮ ಅನ್ನುತ್ತಿತ್ತು.

"ಕಡಲಮ್ಮ ಹೇಳಿದರು, ಇನ್ನೆರಡು ದಿನ ಇದ್ದು ಹೋಗಲಿ ಅಂತ. ಗುಡ್ಡ ಬಹಳ ಚೆನ್ನಾಗಿತ್ತಂತೆ. ನಿಮ್ಮ ಅತ್ತೆಯೂ ಅಲ್ಲಿಗೆ ಒಗ್ಗಿಕೊಂಡಿದ್ದಾರೆ. ಮೀನುಗಳಿಗೆ ಸಾಲಿನಲ್ಲಿ ಹೋಗುವುದನ್ನು ಕಲಿಸಿದ್ದಾರೆ. ಮೊದಲೆಲ್ಲ ಅವು ಜಾತ್ರೆಗೆ ಹೋದವರ ಹಾಗೆ ಹೋಗುತ್ತಿದ್ದವು."

ಗುಲಾಬಿ ಸಾರಿಗೆ ಬೆರಳು ಅದ್ದಿ ರುಚಿ ನೋಡಿದಳು. ಪುನಃ ನೋಡಿದಳು. ತಳದವರೆಗೆ ಕೈ ಹಾಕಿ, ಸಾಸಿವೆಗಳನ್ನೆಲ್ಲ ಅಂಗೈಗೆ ತೆಗೆದು, ಬಿಸಿಲಿಗೆ ಹಿಡಿದು ನೋಡಿದಳು.

"ಏನಾಯಿತೇ?" ಅಂದ ಕುಪ್ಪಯ್ಯ.

"ಸೀದಿಲ್ಲ," ಅಂದಳು ಗುಲಾಬಿ.

"ಒಳ್ಳೆಯದಾಯಿತಲ್ಲ."

"ಒಂದೂ ಸೀದಿಲ್ಲ ಕಣ್ರೀ. ಬಾಗಿಲಿಗೆ ಹೋಗಿ ನೋಡುವುದನ್ನು ಬಿಟ್ಟಿದ್ದಾರೆ."

ಸಾರು ತಣ್ಣಗಾಯಿತು. ಮೂವರಲ್ಲಿ ಯಾರೂ ಮುಟ್ಟಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಕುಪ್ಪಯ್ಯ ಮಗಳನ್ನು ಹೆಗಲಿನಿಂದ ಇಳಿಸಿದ. ನೀರಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಂಡ. ಪಂಚೆ ಸರಿಮಾಡಿಕೊಂಡ.

"ಎಲ್ಲಿಗೆ?" ಅಂದಳು ಗುಲಾಬಿ.

"ಡಬರಿಯಲ್ಲಿ ಕೂರುತ್ತೇನೆ. ಹಾಕಿ ಕೊಡಲು ಇನ್ನೇನು ಉಳಿದಿದೆ? ಅಮ್ಮನನ್ನು ನೋಡಿದ ಹಾಗೂ ಆಗುತ್ತದೆ."

"ಅಪ್ಪನನ್ನೂ ಇನ್ನೆರಡು ದಿನ ಇರು ಅಂತಾರೆ," ಅಂದಳು ಜಲಜಾ. "ಆಮೇಲೆ ಅಪ್ಪನ ಲೆಕ್ಕಕ್ಕೆ ಏನಾದರೂ ತಿಂಡಿ ಕಳಿಸುತ್ತಾರೆ. ಆಮೇಲೆ ಡಬರಿಯಲ್ಲಿ ನಾನು ಕೂರಬೇಕು. ಆಮೇಲೆ ಅಮ್ಮ. ಕೊನೆಗೆ ಬರುವ ತಿಂಡಿಯನ್ನು ಯಾರು ತಿನ್ನುವುದು?"

ಕುಪ್ಪಯ್ಯ ಯೋಚಿಸಿದ. ಲೆಕ್ಕ ಸರಿಯಾಗಿತ್ತು. ಒಂದು ಕಾಲು ಡಬರಿಯ ಅಂಚಿನ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟುಕೊಂಡು ನಿಂತ.

ಗುಲಾಬಿ ನೀರನ್ನೇ ನೋಡುತ್ತಾ ಕೂತಳು. ಅವಳಿಗೆ ಒಂದು ಮಳೆಗಾಲ ಕಣ್ಣಿಗೆ ಬಂತು. ಆ ವರ್ಷ ಮುತ್ತಕ್ಕನಿಗೆ ಜ್ವರ ಬಂದು ಒಂಬತ್ತು ದಿನ ಎದ್ದಿರಲಿಲ್ಲ. ಪಂಡಿತರು ಬಂದು ಎಬ್ಬಿಸಿದರು, ಏಳಲಿಲ್ಲ. ಮಗ ಕರೆದ, ಕಣ್ಣು ಬಿಡಲಿಲ್ಲ. ಮೊಮ್ಮಗಳು ಹೊಟ್ಟೆಯ ಮೇಲೆ ಕೂತು ಕುಣಿದಳು, ಅಲುಗಲಿಲ್ಲ. ಹತ್ತನೇ ದಿನ ಪಕ್ಕದ ಮನೆಯ ಹುಡುಗಿ ಬಂದು, "ನಮ್ಮ ಬಟ್ಟಲು ಕೊಡಬೇಕಂತೆ" ಅಂದಳು. ಗುಲಾಬಿ ಅವಸರದಲ್ಲಿ ಬಟ್ಟಲು ತೊಳೆದು ಹಾಗೇ ಅವಳ ಕೈಗಿಟ್ಟಳು. ಹುಡುಗಿ ಅಂಗಳ ದಾಟಿರಲಿಲ್ಲ. ಒಳಗಿನಿಂದ ಮುತ್ತಕ್ಕ ಕಂಬಳಿ ಸಮೇತ ಎದ್ದು ಓಡಿ ಬಂದರು, ಹುಡುಗಿಯನ್ನು ನಿಲ್ಲಿಸಿದರು, ಬಟ್ಟಲಿಗೆ ನಾಲ್ಕು ಬೆಲ್ಲದ ಅಚ್ಚು ಹಾಕಿದರು. ಆಮೇಲೆ ಸೊಸೆಗೆ ಸಂಜೆಯವರೆಗೆ ಬೈದರು.

ಗುಲಾಬಿ ಎದ್ದು ನಿಂತಳು.

"ಕಾಲು ತೆಗೀರಿ," ಅಂತ ಗಂಡನಿಗೆ ಹೇಳಿದಳು.

ಸಾರನ್ನು ಮೂರು ಚಿಪ್ಪಿಗೆ ಬಗ್ಗಿಸಿದಳು. ನಾಲ್ಕನೆಯದಕ್ಕೂ ಬಗ್ಗಿಸಿದಳು. ಡಬರಿಯನ್ನು ಒಳಗೂ ಹೊರಗೂ ತೊಳೆದಳು. ತೊಳೆದು, ಸೆರಗಿನಿಂದ ಒರೆಸಿದಳು. ಒಂದು ಹನಿ ನೀರು ಉಳಿದರೂ ಅದು ಕೊಟ್ಟ ಹಾಗೆಯೇ ಆಗುತ್ತದೆ, ಅದಕ್ಕೇ ಎರಡು ಸಲ ಒರೆಸಿದಳು.

ಡಬರಿಗೆ ಅನುಮಾನ ಬಂತು. "ಏನು ಹಾಕುತ್ತೀರಿ?"

"ಏನೂ ಇಲ್ಲ."

"ಏನೂ ಇಲ್ಲದಿದ್ದರೆ ಒಂದು ಎಲೆ ಹಾಕಿ. ಅಲ್ಲೇ ಬಿದ್ದಿದೆ ನೋಡಿ, ತೆಂಗಿನ ಗರಿಯದು."

"ಎಲೆಯೂ ಇಲ್ಲ."

"ನನ್ನನ್ನು ಬೇಕಾದರೆ ಕಲ್ಲಿಗೆ ಹಾಕಿ ಜಜ್ಜಿ," ಅಂದಿತು ಡಬರಿ. "ಮೂವತ್ತೆಂಟು ಮನೆ ನೋಡಿದ್ದೇನೆ. ಬಡವರ ಮನೆಗೂ ಹೋಗಿದ್ದೇನೆ. ಒಂದು ಮನೆಯಲ್ಲಿ ಕೊಡಲು ಏನೂ ಇಲ್ಲದೆ, ಮಗುವಿನ ನಗುವನ್ನು ಹಾಕಿ ಮುಚ್ಚಳ ಮುಚ್ಚಿ ಕಳಿಸಿದರು. ನಾನು ಒಂದು ದಿನವೂ ಖಾಲಿ ಹೋದದ್ದಿಲ್ಲ."

"ನನಗೂ ಕೈ ಬರುತ್ತಿಲ್ಲ," ಅಂದಳು ಗುಲಾಬಿ.

ಅದು ನಿಜ. ಅವಳು ಮಾತಾಡುತ್ತಿರುವಾಗಲೇ ಅವಳ ಬಲಗೈ ಅವಳನ್ನು ಕೇಳದೆ ಆ ಒಣ ಎಲೆಯನ್ನು ಹೆಕ್ಕಿ ಡಬರಿಗೆ ಹಾಕಿಬಿಟ್ಟಿತು. ಅಷ್ಟು ವರ್ಷದ ಅಭ್ಯಾಸ. ಡಬರಿ ನಿಟ್ಟುಸಿರು ಬಿಟ್ಟಿತು. ಗುಲಾಬಿ ಎಲೆಯನ್ನು ನೋಡಿದಳು. ಎಡಗೈಯಿಂದ ತೆಗೆದು ನೀರಿಗೆ ಬಿಟ್ಟಳು. ಅದೇ ಎಡಗೈಯಿಂದ ಮುಚ್ಚಳ ಹಾಕಿದಳು.

ಕುಪ್ಪಯ್ಯ ಬೆನ್ನು ತಿರುಗಿಸಿ ನಿಂತಿದ್ದ. "ನಾನು ಇದನ್ನು ನೋಡಿಲ್ಲ," ಅಂದ. "ನಾಳೆ ಯಾರಾದರೂ ಕೇಳಿದರೆ ನಾನು ಊರಲ್ಲೇ ಇರಲಿಲ್ಲ."

"ಊರೇ ಇಲ್ಲವಲ್ಲ ಅಪ್ಪ."

"ಕಡಲಮ್ಮನಿಗೆ ಏನಂತ ಹೇಳಲಿ?" ಅಂತ ಡಬರಿ ಅಳುತ್ತಾ ಕೇಳಿತು.

"ಏನೂ ಹೇಳಬೇಡ. ನಮ್ಮ ಅತ್ತೆ ಇರುವಲ್ಲಿಗೆ ಹೋಗಿ ಮುಚ್ಚಳ ತೆಗಿ. ಸಾಕು."

ಡಬರಿ ಹೋಯಿತು. ಅದು ಅಷ್ಟು ಮೆಲ್ಲಗೆ ಹೋದದ್ದನ್ನು ಯಾರೂ ನೋಡಿರಲಿಲ್ಲ. ಮೀನುಗಳು ಅದನ್ನು ನೋಡಿ ದಾರಿ ಬಿಟ್ಟವು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕೆಳಗೆ, ಬಹಳ ಕೆಳಗೆ, ಮುಚ್ಚಳ ತೆಗೆದ ಸದ್ದು ಕೇಳಿಸಿತು. ಅಲೆಗಳು ನಿಂತವು. ಏಳುತ್ತಿದ್ದ ಅಲೆ ಎದ್ದಲ್ಲೇ ನಿಂತಿತು, ಬೀಳುತ್ತಿದ್ದ ಅಲೆ ಅರ್ಧಕ್ಕೆ ನಿಂತಿತು. ಒಂದು ಹಕ್ಕಿ ರೆಕ್ಕೆ ಬಡಿಯುವುದನ್ನು ಮರೆತು ಗಾಳಿಯಲ್ಲೇ ಕೂತಿತು. ಗುಲಾಬಿ ನೀರಿನತ್ತ ಬಗ್ಗಿ ನೋಡಿದಳು. ಬರಬಹುದು. ಬಾರದೆಯೂ ಇರಬಹುದು. ಮರ್ಯಾದೆ ಹೋದದ್ದು ಹೋಯಿತು, ಇನ್ನು ಆ ಸೊಸೆಯ ಮುಖ ನೋಡುವುದಿಲ್ಲ ಅಂತ ಅತ್ತೆ ಅಲ್ಲೇ ಕೂತುಬಿಟ್ಟರೆ? ಅದನ್ನು ಅವಳು ಯೋಚಿಸಿರಲಿಲ್ಲ. ಈಗ ಯೋಚಿಸಿದಳು.

ಆಗ ನೀರಿನ ಮೇಲೆ ಒಂದು ಬೆರಳು ಕಂಡಿತು.

ಬೆರಳಾದ ಮೇಲೆ ಕೈ, ಕೈಯಾದ ಮೇಲೆ ತಲೆ. ಮುತ್ತಕ್ಕ ಮೆಟ್ಟಿಲು ಹತ್ತುವವರ ಹಾಗೆ ನೀರನ್ನು ಹತ್ತಿಕೊಂಡು ಬಂದರು. ಕಂಕುಳಲ್ಲಿ ಡಬರಿ. ಚಾಪೆಯಷ್ಟು ನೆಲಕ್ಕೆ ಕಾಲಿಟ್ಟರು. ಮಗನನ್ನು ನೋಡಲಿಲ್ಲ, ಮೊಮ್ಮಗಳನ್ನು ನೋಡಲಿಲ್ಲ.

"ಯಾರೇ ಇದನ್ನು ಕಳಿಸಿದ್ದು?"

"ನಾನು ಅತ್ತೆ."

"ಖಾಲಿ?"

"ಖಾಲಿ."

"ಒಂದು ಎಲೆ ಸಿಗಲಿಲ್ಲವಾ ನಿನಗೆ?"

"ಸಿಕ್ಕಿತ್ತು. ತೆಗೆದೆ."

ಮುತ್ತಕ್ಕ ಬಾಯಿ ತೆರೆದರು. ಅಷ್ಟು ದೊಡ್ಡ ತಪ್ಪಿಗೆ ಸಾಕಾಗುವ ಬೈಗುಳ ಕೂಡಲೇ ಸಿಗಲಿಲ್ಲ. ಬಾಯಿ ಮುಚ್ಚಿ ಪುನಃ ತೆರೆದರು.

"ಹನ್ನೊಂದು ವರ್ಷ ಕಲಿಸಿದ್ದು ಇದನ್ನೇನೇ? ಅಲ್ಲಿ ಆಮೆ ಇದ್ದಳು, ಅವಳಿಗೆ ನಾನೂರು ವರ್ಷ, ಅವಳ ಮುಂದೆ ಮುಚ್ಚಳ ತೆಗೆಯಿತು. ತಿಮಿಂಗಿಲ ಬಗ್ಗಿ ನೋಡಿದರು. ಅಷ್ಟು ದೊಡ್ಡವರು ಬಗ್ಗಿ ನೋಡುವ ಹಾಗೆ ಮಾಡಿದೆಯಲ್ಲ. ಒಳಗೆ ಏನೋ ಸಣ್ಣದಿರಬೇಕು, ನನಗೆ ಕಣ್ಣು ಮಂಜು ಅಂತ ಹೇಳಿ ಪಾಪ ಅವರೇ ಮಾನ ಮುಚ್ಚಿದರು. ನಾನು ಮುಖ ಎಲ್ಲಿ ಇಡಲಿ?"

"ಹೌದು ಅತ್ತೆ," ಅಂದಳು ಗುಲಾಬಿ. ಬೈಗುಳ ತಲೆಯ ಮೇಲೆ ಬೀಳುತ್ತಿತ್ತು, ಅವಳು ಕೆಳಗೆ ಅತ್ತೆಯ ಸೆರಗಿನ ತುದಿಯನ್ನು ತನ್ನ ಸೆರಗಿನ ತುದಿಗೆ ಸೇರಿಸಿ ಗಂಟು ಹಾಕುತ್ತಿದ್ದಳು. ಒಂದು ಗಂಟು ಹಾಕಿದಳು. ಸಾಲದು ಅನಿಸಿತು. ಇನ್ನೊಂದು ಹಾಕಿದಳು.

"ಏನೇ ಅದು ಕೆಳಗೆ ಕೈಯಾಟ?"

"ಏನಿಲ್ಲ. ನೀವು ಹೇಳಿ."

ಅಷ್ಟರಲ್ಲಿ ಕಡಲಮ್ಮ ದಡದವರೆಗೆ ಬಂದು ನಿಂತಳು. "ಮುತ್ತಕ್ಕ, ಹೀಗೆ ಹೇಳದೆ ಕೇಳದೆ ಎದ್ದು ಬಂದರೆ ಹೇಗೆ? ಇನ್ನೆರಡು ದಿನ ಇದ್ದು ಹೋಗಿ."

"ಇರಮ್ಮ," ಅಂದರು ಮುತ್ತಕ್ಕ. "ಇವಳನ್ನು ಒಂದು ದಾರಿಗೆ ತರದೆ ನಾನು ಎಲ್ಲಿಗೂ ಬರುವ ಹಾಗಿಲ್ಲ."

"ಅದಕ್ಕೆ ಎಷ್ಟು ದಿನ ಬೇಕಾಗುತ್ತದೆ?"

ಮುತ್ತಕ್ಕ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದರು. ಗುಲಾಬಿ ಆದಷ್ಟು ದಡ್ಡಿಯ ಹಾಗೆ ನಿಂತುಕೊಂಡಳು.

"ನಾನು ಸಾಯುವವರೆಗೂ ಸಾಕಾಗಲಿಕ್ಕಿಲ್ಲ," ಅಂದರು ಮುತ್ತಕ್ಕ.

ಕಡಲಮ್ಮ ನ್ಯಾಯ ಬಲ್ಲವಳು. ಮನೆಯಲ್ಲಿ ಅಷ್ಟು ಕೆಲಸ ಇರುವ ಹೆಂಗಸನ್ನು ಹಿಡಿದಿಡಲಾಗುವುದಿಲ್ಲ. ಆದರೆ ನೆಂಟರಾಗಿ ಬಂದ ಹೆಣ್ಣುಮಗಳನ್ನು ಮಡಿಲು ತುಂಬದೆ ಕಳಿಸಲೂ ಆಗುವುದಿಲ್ಲ. ಕಡಲಮ್ಮ ಅಲ್ಲೇ ನಿಂತು ಮುತ್ತಕ್ಕನ ಮಡಿಲಿಗೆ ಗುಡ್ಡ ಹಾಕಿದಳು, ಗುಡ್ಡದ ನೆರಳು ಹಾಕಿದಳು, ಹದಿನಾರು ಮಡಿಕೆಯ ಮರಳು ಹಾಕಿದಳು, ಒರತೆ ಹಾಕಿದಳು, ಹನ್ನೆರಡು ಮರ ಹಾಕಿ ಮೇಲೊಂದು ಮುತ್ತು ಇಟ್ಟಳು. ಮುತ್ತಕ್ಕ ಎಲ್ಲವನ್ನೂ ತಮಗೆ ತಿಳಿದ ಹಾಗೆ ಜೋಡಿಸಿದರು. ಬಗ್ಗುವುದು ಬೇಡ ಅಂತ ಒರತೆಯನ್ನು ಗುಡ್ಡದ ತುದಿಯಲ್ಲಿಟ್ಟರು. ಬಟ್ಟೆ ಒಣಗಬೇಕು ಅಂತ ನೆರಳನ್ನು ಮಡಿಚಿ ಮೂಲೆಗೆ ಹಾಕಿದರು.

"ನೆರಳು ಬೇಕು ಅತ್ತೆ, ಮಗುವಿಗೆ ಬಿಸಿಲು," ಅಂದಳು ಗುಲಾಬಿ.

"ಎದುರು ಮಾತಾಡಬೇಡ," ಅಂದರು ಮುತ್ತಕ್ಕ. ಆಮೇಲೆ ನೆರಳನ್ನು ಬಿಚ್ಚಿ ಜಲಜಾಳ ತಲೆಯ ಮೇಲೆ ಹೊದಿಸಿದರು. ಕುಪ್ಪಯ್ಯ ಅಮ್ಮನ ಹಿಂದೆ ಹಿಂದೆಯೇ ಓಡಾಡುತ್ತಿದ್ದ. ಸಿಕ್ಕಿದ್ದನ್ನೆಲ್ಲ ಎತ್ತಿ ಅಲ್ಲಿಂದ ಇಲ್ಲಿಗೆ ಇಡುತ್ತಿದ್ದ.

ಇನ್ನೊಂದು ಕೆಲಸ ಉಳಿಯಿತು. ಡಬರಿ. ಅದು ಒಂದು ಮೂಲೆಯಲ್ಲಿ ಮುಚ್ಚಳ ಮುಖಕ್ಕೆ ಎಳೆದುಕೊಂಡು ಕೂತಿತ್ತು. ಮುತ್ತಕ್ಕ ಅದನ್ನು ಎತ್ತಿಕೊಂಡು ಸುತ್ತ ನೋಡಿದರು. ಕೊಡಬಹುದಾದದ್ದೆಲ್ಲ ಕಡಲಮ್ಮನೇ ವಾಪಸು ಕೊಟ್ಟದ್ದು. ಕೊಟ್ಟದ್ದನ್ನೇ ಪುನಃ ಕೊಡುವುದು ಸರಿಯಲ್ಲ. ಸ್ವಂತದ್ದು ಅಂತ ಅವರ ಹತ್ತಿರ ಇದ್ದದ್ದು ಒಂದೇ. ಡಬರಿಯನ್ನು ಬಾಯಿಯ ಹತ್ತಿರ ಹಿಡಿದು, ಸೊಸೆಗೆ ಬೈಯಲು ಬಾಕಿ ಉಳಿದಿದ್ದ ಬೈಗುಳವನ್ನು ಅದಕ್ಕೆ ತುಂಬ ಹಾಕಿದರು. ಕಂಠದವರೆಗೆ ತುಂಬಿಸಿ ಮುಚ್ಚಳ ಒತ್ತಿದರು. ಡಬರಿ ತಲೆ ಎತ್ತಿಕೊಂಡು ಹೋಯಿತು. ಕಡಲಮ್ಮನ ಮನೆಯಲ್ಲಿ ಮುಚ್ಚಳ ತೆಗೆದರು ನೋಡಿ, ಆ ಬೈಗುಳ ಈ ತುದಿಯಿಂದ ಆ ತುದಿಯವರೆಗೆ ಹರಡಿಕೊಂಡಿತು. ಅಲ್ಲಿಯವರೆಗೆ ಕಡಲು ಸದ್ದು ಮಾಡುತ್ತಿರಲಿಲ್ಲ. ಈಗ ನೀವು ಯಾವ ದಡಕ್ಕೆ ಹೋಗಿ ನಿಂತರೂ ಕೇಳಿಸುತ್ತದೆ. ಒಂದು ಮಾತು ಮುಗಿಯುವಷ್ಟರಲ್ಲಿ ಇನ್ನೊಂದು ಏಳುತ್ತದೆ. ಕಿವಿಗೊಟ್ಟು ಕೇಳಿದರೆ ಅದರಲ್ಲಿ ಸಿಟ್ಟಿಗಿಂತ ಬೇರೆಯದೇ ಹೆಚ್ಚು.

ನೀತಿ ಬೇಕು ಅನ್ನುವವರು ಇಷ್ಟು ತೆಗೆದುಕೊಳ್ಳಿ. ನೀವು ತುಂಬಿ ಕಳಿಸಿದ ಪಾತ್ರೆಯನ್ನು ಯಾರಾದರೂ ಖಾಲಿ ಹಿಂದಿರುಗಿಸಿದರೆ ಅವರಿಗೆ ರೀತಿ ಗೊತ್ತಿಲ್ಲ ಅನ್ನಬೇಡಿ. ಅವರು ಯಾರನ್ನೋ ಕರೆಯುತ್ತಿರಬಹುದು. ಕರೆದವರೆಲ್ಲ ಎದ್ದು ಬರುತ್ತಾರೆ ಅಂತ ನಾನು ಹೇಳಿಲ್ಲ. ಕೆಲವರಿಗೆ ಸಿಟ್ಟು ಬರುವುದು ಬಹಳ ನಿಧಾನ. ಪಾತ್ರೆ ಒರೆಸಿ ಇಟ್ಟುಕೊಂಡು ಕಾಯಬೇಕು.

ಅವರು ನಾಲ್ಕು ಜನ ಅಲ್ಲಿ, ನಾವು ಇಷ್ಟು ಜನ ಇಲ್ಲಿ, ನಡುವೆ ಇದ್ದ ಕತೆ ಖರ್ಚಾಯಿತು.